ಕೀಲಿಕೈ ಎರಡೇ ಎಂದಿದ್ದೆ

ಮೊನ್ನೆ ಊರ ನಡುವಿನ ಪೇಟೆಯಾದ ಸೂಪರ್ ಮಾರ್ಕೆಟ್‌ನಲ್ಲಿ ಆಟೊಗಳ ನಡುವೆ ದಾರಿ ಮಾಡಿಕೊಂಡು ಹೋಗುತ್ತಿದ್ದೆ. ಬಟ್ಟೆ ಅಂಗಡಿಯೊಂದರ ಮುಂದೆ ಕೂಲರ್‌ಗೆ ಹೊಸ ಹುಲ್ಲು ಕಟ್ಟಿ ಆಗಷ್ಟೇ ನೀರು ಬಿಟ್ಟಿದ್ದರು. ಒಣಹುಲ್ಲು ಮೊದಲ ಸಲ ನೆನೆದಾಗ ಬರುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಕೂಲರ್ ವಾಸನೆಗೆ ಸಿಟ್ಟು ಮಾಡಿಕೊಳ್ಳುವ ಹೆಂಗಸು ಈ ಕಲಬುರಗಿಯಲ್ಲಿ ನಾನೊಬ್ಬಳೇ ಇರಬೇಕು. ಉಳಿದವರಿಗೆಲ್ಲ ಅದು ಬೇಸಿಗೆಯ ಸುಖ. ನನಗೆ ಮಾತ್ರ ಅದು ಕಮಲಾಪುರದ ಒಂದು ಸಾಮಾನು ಕೋಣೆ, ಅದರ ಮೂಲೆಯಲ್ಲಿ ಗುಂಯ್ ಎನ್ನುತ್ತಿದ್ದ ಒಂದು ಕರಿ ಪೆಟ್ಟಿಗೆ, ಮತ್ತು ಅದರ ಪಕ್ಕದಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದ ಮಹಾದೇವಿ.

ಕೆಲವು ವರ್ಷಗಳ ಹಿಂದಿನ ಮಾತು. ಡಾಕ್ಟರ್ ನಸ್ರೀನ್ ಎಂಬ ಎದೆರೋಗದ ವೈದ್ಯೆ ನಮ್ಮ ಜಿಲ್ಲೆಯ ಕಮಲಾಪುರದಲ್ಲಿ ಒಂದು ಸಣ್ಣ ಟಿಬಿ ಕ್ಲಿನಿಕ್ ನಡೆಸುತ್ತಿದ್ದರು. ಮುಂದೆ ಎರಡು ಕೋಣೆ, ಹಿಂದೆ ಸಾಮಾನು ಕೋಣೆ, ಅದರಾಚೆ ಯಾರದೋ ಕೆಂಪು ಬಾಳೆಯ ತೋಟ. ರೋಗಿಗಳ ಹೆಸರನ್ನು ದಪ್ಪ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ತೊಂದರೆ ಅಲ್ಲೇ ಇತ್ತು. ಎದುರಿಗೆ ಕೂತ ರೋಗಿ ತನ್ನ ಹೆಸರು ಬರೆಸುತ್ತ ಬರೆಸುತ್ತ, ಪುಸ್ತಕ ತಲೆಕೆಳಗಾಗಿದ್ದರೂ ಮೇಲಿನ ಸಾಲಿನ ಹೆಸರನ್ನು ಓದಿಬಿಡುತ್ತಿದ್ದ. ಸಂಜೆಯ ಬಸ್ಸು ಊರು ಮುಟ್ಟುವುದರೊಳಗೆ ಯಾರಿಗೆ ಯಾವ ಕೆಮ್ಮು ಎಂಬುದು ಊರಿಗೆಲ್ಲ ಗೊತ್ತು. ಹೀಗಾಗಿ ಜನ ಸುಳ್ಳು ಹೆಸರು ಕೊಡಲು ಶುರು ಮಾಡಿದ್ದರು. ಒಬ್ಬನ ಕಫದ ವರದಿ ಇನ್ನೊಬ್ಬನ ಹೆಸರಿಗೆ ಸೇರಿ, ಮಾತ್ರೆ ಬೇಡದವನಿಗೆ ಮಾತ್ರೆ ಕೊಟ್ಟದ್ದೂ ಆಗಿತ್ತು.

ಡಾಕ್ಟರ್ ನನ್ನನ್ನು ಕರೆಸಿ ಕಂಪ್ಯೂಟರ್ ಮಾಡಿಕೊಡು ಎಂದರು. ಆದರೆ ಒಂದು ಷರತ್ತು ಹಾಕಿದರು. ಹೆಸರುಗಳು ಎಲ್ಲೋ ದೂರದ ಕಂಪನಿಯ ಕಂಪ್ಯೂಟರಿನಲ್ಲಿ ಹೋಗಿ ಕೂರಬಾರದು, ಕ್ಲಿನಿಕ್ಕಿನೊಳಗೇ ಇರಬೇಕು. "ನಮ್ಮ ಮಂದಿ ಹೆಸರು ನಮ್ಮ ಮನ್ಯಾಗೇ ಇರ್ಲಿ ಬೇಟಾ" ಎಂದಿದ್ದರು. ಆ ಮಾತು ನನಗೆ ಬಹಳ ಹಿಡಿಸಿತ್ತು.

ನನಗೆ ಈ ವಿದ್ಯೆ ಕಲಿಸಿದವರು ವಿಶ್ವನಾಥ ಸರ್. ಸೂಪರ್ ಮಾರ್ಕೆಟ್‌ನ ಬಟ್ಟೆ ಅಂಗಡಿಯೊಂದರ ಮೇಲೆ ಅವರ ಕಂಪ್ಯೂಟರ್ ಕ್ಲಾಸ್ ಇತ್ತು. ನಮ್ಮ ಮನೆ ಖೂಬಾ ಪ್ಲಾಟ್‌ನಲ್ಲಿ, ಅವರದು ಎರಡು ಓಣಿ ಆಚೆ. ಉಳಿದ ಹುಡುಗರು ಟೈಪಿಂಗ್ ಕಲಿತು ಸರ್ಟಿಫಿಕೇಟ್ ಹಿಡಿದು ಇಳಿದು ಹೋದರೆ, ಸರ್ ನನ್ನನ್ನು ಕೂರಿಸಿಕೊಂಡು ಸರ್ವರ್ ಅಂದರೇನು, ಹೆಸರು, ವಿವರ ಕೂಡಿಡುವ ಡೇಟಾಬೇಸ್ ಹೇಗೆ ಕಟ್ಟಬೇಕು ಎಂಬುದನ್ನೆಲ್ಲ ಕಲಿಸಿದರು. ಹುಡುಗಿಗೆ ಇದೆಲ್ಲ ಯಾಕೆ ಎಂದು ನಮ್ಮ ಮನೆಯಲ್ಲಿ ಗೊಣಗಿದಾಗ ಅವರೇ ಬಂದು ಅಪ್ಪನ ಎದುರು ಕೂತು ಮಾತಾಡಿದ್ದರು. ಈ ಹೊತ್ತು ನಾನು ಉಣ್ಣುತ್ತಿರುವ ಅನ್ನ ಅವರು ಕಲಿಸಿದ್ದು. ಇದನ್ನು ಮರೆತು ಮುಂದಿನದನ್ನು ಬರೆದರೆ ಅನ್ಯಾಯವಾಗುತ್ತದೆ, ಮರೆಯದೇ ಬರೆದರೆ ಹೊಟ್ಟೆ ಉರಿಯುತ್ತದೆ.

ಯುಗಾದಿ ಕಳೆದ ಮರುವಾರ ಸರ್ ಮತ್ತು ನಾನು ಸರ್ವರ್ ಎಂಬ ಆ ಕರಿ ಪೆಟ್ಟಿಗೆಯನ್ನು ಕಮಲಾಪುರಕ್ಕೆ ಒಯ್ದೆವು. ಮಿಷಿನ್ ತಂದರೆ ಪೂಜೆ ಆಗದೆ ಚಾಲೂ ಮಾಡುವವರು ನಮ್ಮ ಕಡೆ ಯಾರೂ ಇಲ್ಲ. ಡಾಕ್ಟರ್ ನಸ್ರೀನ್ ತಾವೇ ಹೋಗಿ ತೆಂಗಿನಕಾಯಿ ತಂದರು, ಕ್ಲಿನಿಕ್ಕಿನ ನರ್ಸಮ್ಮ, ನಮ್ಮ ಕಡೆಯ ಮಾತಲ್ಲಿ ನರ್ಸ್ ಬಾಯಿ, ಕುಂಕುಮ ಹಚ್ಚಿದಳು, ತಂಪಿಗೆಂದು ಹೊಸ ಹುಲ್ಲಿನ ಕೂಲರ್ ಕೂಡ ಬಂತು. ಕೂಲರ್ ನೀರಿನ ಗಾಳಿ ಸರ್ವರ್‌ಗೆ ಬಡಿಯಬಾರದೆಂದು ನಾನು ಅದರ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದೆ. ಮನುಷ್ಯರು ಬೆವರಿದರು, ಮಿಷಿನ್ ಸುಖವಾಗಿತ್ತು.

ಆಮೇಲೆ ಮೊದಲ ಲಾಗಿನ್ ಮಾಡುವ ಸಮಯ ಬಂತು. ನಮ್ಮಲ್ಲಿ ಬಿತ್ತಲು ಹೋದರೂ, ಅಂಗಡಿ ತೆರೆದರೂ, ಕೈಗುಣ ಚೆನ್ನಾಗಿರುವವರ ಕೈಯಿಂದ ಶುರು ಮಾಡಿಸುವುದು ರೂಢಿ. ನನಗೆ ಸರ್ ಅವರ ಕೈಗುಣಕ್ಕಿಂತ ಒಳ್ಳೆಯ ಕೈಗುಣ ಯಾರದಿದೆ? ನೀವೇ ಶುರು ಮಾಡಿರಿ ಸರ್ ಎಂದು ಕುರ್ಚಿ ಎಳೆದುಕೊಟ್ಟೆ. ಅವರು ಕನ್ನಡಕ ಒರೆಸಿ, ಕೈ ಮುಗಿದು, ಡೇಟಾಬೇಸ್‌ನ ಮೊದಲ ಲಾಗಿನ್ನನ್ನು ತಮ್ಮ ಹೆಸರಿನಲ್ಲಿ ಮಾಡಿದರು. ಎಲ್ಲ ಅಧಿಕಾರವೂ ಇರುವ ಲಾಗಿನ್ ಅದು. ಯಾವುದನ್ನಾದರೂ ನೋಡಬಹುದು, ಬರೆಯಬಹುದು, ಅಳಿಸಬಹುದು. ಖೂಬಾ ಪ್ಲಾಟ್‌ನ ತಮ್ಮ ಮನೆಯಿಂದಲೇ ಒಳಗೆ ಬಂದು ಏನಾದರೂ ಕೆಟ್ಟರೆ ಸರಿ ಮಾಡಲು ಅನುಕೂಲವಾಗಲೆಂದು ತಮ್ಮ ಕಂಪ್ಯೂಟರನ್ನು ಗುರುತಿಸುವ ಕೀಲಿಯೊಂದನ್ನೂ ಸರ್ವರಿನಲ್ಲಿ ಇಟ್ಟರು. ಕಾಯಿ ಒಡೆದೆವು, ಪೇಢೆ ತಿಂದೆವು.

ಆ ಬೇಸಿಗೆ ನಾನು ಕೆಲಸದಲ್ಲಿ ಮುಳುಗಿದೆ. ಬೆಳಗಿನ ಬಸ್ಸಿಗೆ ಹೊರಟು ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರಕ್ಕೆ ಹೋಗುವುದು, ಸಂಜೆ ಬಿಸಿಗಾಳಿಯಲ್ಲಿ ಬೆಂದು ವಾಪಸಾಗುವುದು. ಡಾಕ್ಟರ್ ಕಲಬುರಗಿಯಲ್ಲಿ ಕೂತೂ ರೋಗಿಗಳ ವಿವರ ನೋಡಬೇಕಿದ್ದುದರಿಂದ ಸರ್ವರ್‌ಗೆ ಇಂಟರ್ನೆಟ್ ಬೇಕೇ ಬೇಕಿತ್ತು. ಇಂಟರ್ನೆಟ್ ಬಂತೆಂದರೆ ಲೋಕವೆಲ್ಲ ಬಾಗಿಲಿಗೆ ಬಂದ ಹಾಗೆ. ಯಾರು ಯಾವಾಗ ಬಂದರು, ಏನು ಕೇಳಿದರು ಎಂದು ಸರ್ವರ್ ತಾನಾಗಿ ಬರೆದಿಡುವ ಒಂದು ದಿನಚರಿ ಇರುತ್ತದೆ. ಎರಡನೆಯ ದಿನ ಅದನ್ನು ತೆರೆದು ನೋಡಿದವಳು ಗಾಬರಿಯಾದೆ. ಕಮಲಾಪುರ ಎಂಬ ಊರು ಭೂಮಿಯ ಮೇಲಿದೆ ಎಂಬುದೇ ಗೊತ್ತಿರದ ಯಾರು ಯಾರೋ ಸಾಲುಗಟ್ಟಿ ನಿಂತು ಒಂದಾದ ಮೇಲೊಂದು ಪಾಸ್‌ವರ್ಡ್ ಹಾಕಿ ಹಾಕಿ ಬಾಗಿಲು ತಳ್ಳುತ್ತಿದ್ದರು. ಡೇಟಾಬೇಸಿನ ಬಾಗಿಲಂತೂ ಬೀದಿಗೇ ತೆರೆದುಕೊಂಡಿತ್ತು. ಸರ್ ಅವಸರದಲ್ಲಿ ಹಾಗೆಯೇ ಬಿಟ್ಟಿದ್ದರು. ಕೇಳಿದರೆ ನಕ್ಕರು. "ಕಮಲಾಪುರಕ್ಕ ಯಾರ್ ಬರ್ತಾರ ಬಿಡು, ಬಾಳಿಹಣ್ಣ ತಿನ್ಲಾಕೇನು?"

ನಾನು ನಗಲಿಲ್ಲ. ಹಟ ಹಿಡಿದು ಒಂದೊಂದೇ ಬಾಗಿಲು ಮುಚ್ಚಿದೆ. ಡೇಟಾಬೇಸ್ ತಾನಿರುವ ಯಂತ್ರದ ಮಾತು ಬಿಟ್ಟು ಹೊರಗಿನವರ ಮಾತು ಕೇಳದ ಹಾಗೆ ಮಾಡಿದೆ. ಸರ್ವರಿನೊಳಗೆ ಬರಬೇಕೆಂದರೆ ಪಾಸ್‌ವರ್ಡ್ ನಡೆಯದು, ಮೊದಲೇ ಇಟ್ಟಿರುವ ಕೀಲಿ ಇರುವ ಕಂಪ್ಯೂಟರೇ ಬೇಕು ಎಂದು ಬಿಗಿ ಮಾಡಿದೆ. ತಪ್ಪು ಪಾಸ್‌ವರ್ಡ್ ಮೂರು ಸಲ ಹಾಕಿದವರನ್ನು ಹೊರಗಟ್ಟುವ ಕಾವಲು ಹಾಕಿದೆ. ದಿನದ ದಾಖಲೆಯ ಪ್ರತಿಯನ್ನು ಗುಟ್ಟುಲಿಪಿಯಲ್ಲಿ ಬೇರೆ ಕಡೆ ತೆಗೆದಿಟ್ಟೆ. ನರ್ಸ್ ಬಾಯಿ ತನ್ನ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಯ ಮೇಲೆಯೇ ಅಂಟಿಸಿದ್ದಳು. ಅದನ್ನು ಕಿತ್ತು ಅವಳೊಂದಿಗೆ ಜಗಳವನ್ನೂ ಆಡಿದೆ. ಅವಳು ಎರಡು ದಿನ ನನಗೆ ಚಹಾ ಕೊಡಲಿಲ್ಲ.

ಯಾವ ಯಾವ ಹೆಸರಿಗೆ ಒಳಗೆ ಬರುವ ಅಧಿಕಾರವಿದೆ ಎಂಬ ಪಟ್ಟಿಯನ್ನೂ ತೆಗೆದೆ. ಸಾಫ್ಟ್‌ವೇರಿನ ಜೊತೆಗೆ ಬಂದ ಹೆಸರುಗಳನ್ನು, ಪರೀಕ್ಷೆಗೆ ಮಾಡಿದ ಹೆಸರುಗಳನ್ನು ಅಳಿಸಿದೆ. ಮೊದಲ ಸಾಲಿನಲ್ಲಿ ಸರ್ ಅವರ ಹೆಸರಿತ್ತು. ಕೈ ನಿಂತಿತು. ಅಳಿಸಬೇಕೆಂದು ನಿಯಮ ಹೇಳುತ್ತದೆ, ಆ ನಿಯಮವನ್ನು ಕಲಿಸಿದವರೂ ಅವರೇ. ಆದರೆ ಕೈಗುಣಕ್ಕೆಂದು ಕರೆದು ಮಾಡಿಸಿದ ಮೊದಲ ಲಾಗಿನ್ನನ್ನು, ಪೇಢೆಯ ರುಚಿ ಬಾಯಲ್ಲಿರುವಾಗಲೇ, ನೀವು ಇನ್ನು ಹೊರಗಿರಿ ಎಂದು ತೆಗೆದುಹಾಕುವುದೇ? ಮನಸ್ಸು ಬರಲಿಲ್ಲ. ಹಾಗೇ ಬಿಟ್ಟೆ. ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಪ್ರತಿ ಶನಿವಾರ ದಿನಚರಿ ಓದುವಾಗ ಸರ್ ಹೆಸರು ಬಂದರೆ ಅದು ಮನೆ ಬಾಗಿಲಲ್ಲಿ ಮನೆಯವರದೇ ಚಪ್ಪಲಿ ಕಂಡ ಹಾಗೆ, ಅದರ ಲೆಕ್ಕ ಯಾಕೆ ಎಂದು, ಅವರ ಸಾಲುಗಳು ವಾರದ ಪಟ್ಟಿಯಲ್ಲಿ ಬರದ ಹಾಗೆಯೂ ಮಾಡಿಬಿಟ್ಟೆ. ನನ್ನ ಕಣ್ಣಿಗೆ ನಾನೇ ಬಟ್ಟೆ ಕಟ್ಟಿಕೊಂಡೆ ಎಂದು ಈಗ ಗೊತ್ತಾಗುತ್ತದೆ.

ಮಹಾದೇವಿ ಬಂದದ್ದು ಆ ಬೇಸಿಗೆಯ ನಡುವಿನಲ್ಲಿ. ಮಹಾಗಾಂವದವಳು, ನಲವತ್ತರ ಆಸುಪಾಸು. ಜೋಳದ ರೊಟ್ಟಿ ಬಡಿಯುವುದು ಅವಳ ಕಸುಬು. ನಸುಕಿನಲ್ಲಿ ಎದ್ದು ಬಡಿದ ರೊಟ್ಟಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟು ಮೊದಲ ಬಸ್ಸಿಗೆ ಹಾಕಿದರೆ, ಸೂಪರ್ ಮಾರ್ಕೆಟ್ ಸುತ್ತಲಿನ ಖಾನಾವಳಿಗಳಲ್ಲಿ ಮಧ್ಯಾಹ್ನದ ಊಟಕ್ಕೆ ಅದೇ ರೊಟ್ಟಿ. ಅವಳ ರೊಟ್ಟಿಯ ಅಂಚು ಒಡೆಯುತ್ತಿರಲಿಲ್ಲ. ಅದನ್ನು ಅವಳೇ ಹೇಳಿಕೊಳ್ಳುತ್ತಿದ್ದಳು, ಯಾರೂ ಕೇಳದಿದ್ದರೂ. ವಾರಗಟ್ಟಲೆ ಕೆಮ್ಮು ನಿಲ್ಲದೆ ಹೆದರಿ ಬಂದಿದ್ದಳು.

ಮುಂದಿನ ಕೋಣೆಯಲ್ಲಿ ಜನ ಇದ್ದರೆಂದು ನರ್ಸ್ ಬಾಯಿ ಅವಳನ್ನು ಸಾಮಾನು ಕೋಣೆಗೆ, ನನ್ನ ಹತ್ತಿರ ಕಳಿಸಿದಳು. ಹೆಸರು ಕೇಳಿದೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಸ್ವಲ್ಪ ತಡೆದು, ಸುಭದ್ರಾ ಎಂದಳು. ಸುಳ್ಳು ಎಂದು ಆ ತಡೆದದ್ದರಲ್ಲೇ ಗೊತ್ತಾಯಿತು. ನಾನು ದೊಡ್ಡ ಬುದ್ಧಿವಂತೆಯ ಹಾಗೆ ಕುರ್ಚಿ ಮುಂದೆಳೆದುಕೊಂಡು ತಿಳಿಸಿ ಹೇಳಿದೆ. ಸುಳ್ಳು ಹೆಸರು ಕೊಟ್ಟರೆ ವರದಿ ಅದಲುಬದಲಾಗುತ್ತದೆ, ಮಾತ್ರೆ ತಪ್ಪುತ್ತದೆ, ಜೀವಕ್ಕೆ ಕುತ್ತು. ನಿಜವಾದ ಹೆಸರು ಹೇಳು, ಅದು ಈ ಪೆಟ್ಟಿಗೆ ಬಿಟ್ಟು ಆಚೆ ಹೋಗುವುದಿಲ್ಲ. ಅವಳು ಸರ್ವರ್ ಕಡೆ ಬಹಳ ಹೊತ್ತು ನೋಡಿದಳು. ಅದರ ಮೇಲಿನ ಕುಂಕುಮ ಇನ್ನೂ ಮಾಸಿರಲಿಲ್ಲ.

"ಇದಕ್ಕ ಕೀಲಿ ಅದ ಏನ್ ತಂಗಿ?"

"ಅದ ಯಕ್ಕಾ. ನಾನೇ ಹಾಕೀನಿ."

"ಕೀಲಿಕೈ ಯಾರ್ ಯಾರ ಬಲ್ಲಿ ಅವ?"

"ಎರಡೇ ಅವ. ಒಂದು ಡಾಕ್ಟರ್ ಬಲ್ಲಿ, ಒಂದು ನನ್ನ ಬಲ್ಲಿ."

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ನರ್ಸ್ ಬಾಯಿಯದು ಹೆಸರು ಬರೆಯುವಷ್ಟೇ ಪಾಸ್‌ವರ್ಡ್, ಸರ್ ಅವರದನ್ನು ನಾನು ಎಣಿಕೆಗೇ ಹಿಡಿದಿರಲಿಲ್ಲ. ಆಗ ಅವಳು ಮಹಾದೇವಿ ಎಂದಳು, ಊರು ಹೇಳಿದಳು, ಗಂಡನ ಹೆಸರು ಹೇಳಿದಳು. ಖಾನಾವಳಿಯವರಿಗೆ ಗೊತ್ತಾದರೆ ತನ್ನ ರೊಟ್ಟಿ ನಾಯಿಯೂ ಮೂಸುವುದಿಲ್ಲ, ತಾನು ಬದುಕಿರುವುದೇ ಆ ಬುಟ್ಟಿಯ ಮೇಲೆ ಎಂದಳು. ನಾನು ಒಂದೊಂದೇ ಅಕ್ಷರ ಟೈಪ್ ಮಾಡಿದೆ.

ಪರೀಕ್ಷೆಯಲ್ಲಿ ಟಿಬಿ ಎಂದೇ ಬಂತು. ಡಾಕ್ಟರ್ ಅವಳನ್ನು ಎರಡು ತಿಂಗಳು ಒಲೆಯ ಮುಂದೆ ಕೂರಬೇಡ ಎಂದು ನಿಲ್ಲಿಸಿದರು. ಕೈ ಉಳುಕಿದೆ ಎಂದು ಅವಳು ಖಾನಾವಳಿಗಳಿಗೆ ಹೇಳಿ ಕಳಿಸಿದಳು. ಮಳೆ ಶುರುವಾಗುವ ಹೊತ್ತಿಗೆ ಕಫದ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ, ಇನ್ನು ನಿನ್ನಿಂದ ಯಾರಿಗೂ ಹತ್ತುವುದಿಲ್ಲ ಎಂದು ಡಾಕ್ಟರ್ ಒಪ್ಪಿಗೆ ಕೊಟ್ಟರು. ಮರುದಿನದಿಂದ ಬುಟ್ಟಿ ಮತ್ತೆ ಬಸ್ಸು ಹತ್ತಿತು. ಮಾತ್ರೆಗೆಂದು ಅವಳು ಬರುವ ದಿನ ನನಗೂ ಎರಡು ರೊಟ್ಟಿ, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಬರುತ್ತಿತ್ತು. ಮಹಾಗಾಂವದ ಕರಿಮಣ್ಣು ಅವಳ ಚಪ್ಪಲಿಗೆ ಮೆತ್ತಿಕೊಂಡು ಕ್ಲಿನಿಕ್ ತುಂಬ ಹೆಜ್ಜೆ ಮೂಡುತ್ತಿತ್ತು. ನರ್ಸ್ ಬಾಯಿ ಬೈಯುತ್ತಿದ್ದಳು, ಇವಳು ಆ ಬೈಗುಳಕ್ಕೂ ಒಂದು ರೊಟ್ಟಿ ಕೊಡುತ್ತಿದ್ದಳು. ದೀಪಾವಳಿ ಕಳೆದ ಮೇಲೆ ಒಂದು ದಿನ ಮಾತ್ರೆ ಮುಗಿದವು. ಗುಣವಾದ ತಾರೀಖು ಎಂಬ ಖಾನೆಯಲ್ಲಿ ಆ ದಿನದ ತಾರೀಖನ್ನು ನಾನೇ ತುಂಬಿದೆ. ಪರದೆ ತೋರಿಸಿ ಓದಿ ಹೇಳಿದೆ. ಅವಳು ಪರದೆಗೆ ಕೈ ಮುಗಿದಳು. ನನಗೆ ನಾಚಿಕೆಯಾಯಿತು, ಹೆಮ್ಮೆಯೂ ಆಯಿತು.

ಸಂಕ್ರಾಂತಿಯ ವಾರ ಎಂದರೆ ರೊಟ್ಟಿ ಮಾಡುವವರಿಗೆ ಪುರುಸೊತ್ತಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ಊರೆಲ್ಲ ಕಾಯುತ್ತಿರುತ್ತದೆ. ಅದೇ ವಾರ ಮಹಾದೇವಿ ಬೆಳಿಗ್ಗೆ ಕ್ಲಿನಿಕ್ಕಿಗೆ ಬಂದಳು, ಮಾತ್ರೆ ಮುಗಿದು ಇನ್ನು ಬರಬೇಕಾಗಿಲ್ಲದವಳು. ಬುಟ್ಟಿ ತಲೆಯ ಮೇಲೆಯೇ ಇತ್ತು, ಬಟ್ಟೆಯ ಗಂಟು ಬಿಚ್ಚಿರಲಿಲ್ಲ. ಸೂಪರ್ ಮಾರ್ಕೆಟ್ ಹಿಂದಿನ ಖಾನಾವಳಿಯಿಂದ ಬುಟ್ಟಿ ವಾಪಸು ಬಂದಿತ್ತು. ಮೊದಲು ಒಂದು, ಮರುದಿನ ಎರಡು, ಮೂರನೆಯ ದಿನ ಎಲ್ಲ ಖಾನಾವಳಿಗಳೂ ಬೇಡ ಎಂದಿದ್ದವು. ಖಾನಾವಳಿಯ ಒಬ್ಬಾಕೆ ಬಸ್ಸಿನ ಕಂಡಕ್ಟರ್ ಎದುರಿಗೇ ಕಾಯಿಲೆಯ ಹೆಸರು ಹಿಡಿದು ಹೇಳಿದ್ದಳಂತೆ. ಮಹಾದೇವಿ ಅಳಲಿಲ್ಲ. ಬುಟ್ಟಿ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಯಾರಿಗೂ ಹೇಳಿಲ್ಲ ನಾ. ನನ್ನ ಗಂಡಗೂ ಕೆಮ್ಮಿನ ಗುಳಗಿ ಅಂತೇ ಹೇಳೀನಿ. ಮತ್ತ ಅವರಿಗೆ ಹ್ಯಾಂಗ ಗೊತ್ತಾಯ್ತು?"

ಕ್ಲಿನಿಕ್ಕಿನ ಬಾಗಿಲಲ್ಲಿ ಯಾರೋ ಕಂಡಿರಬೇಕು ಎಂದು ಏನೋ ಹೇಳಿ ಕಳಿಸಿದೆ. ಅವಳ ಬೆನ್ನು ಮರೆಯಾದದ್ದೇ ಸಾಮಾನು ಕೋಣೆಗೆ ಹೋಗಿ ದಿನಚರಿ ತೆರೆದೆ. ಹೊರಗಿನವರು ಯಾರೂ ಒಳಗೆ ಬಂದಿರಲಿಲ್ಲ. ದಿನಕ್ಕೆ ನೂರಾರು ಸಲ ಬಾಗಿಲು ತಳ್ಳುತ್ತಿದ್ದವರೆಲ್ಲ ಹೊರಗೇ ನಿಂತಿದ್ದರು, ನನ್ನ ಕಾವಲು ಗಟ್ಟಿಯಾಗಿತ್ತು. ನರ್ಸ್ ಬಾಯಿಯ ಸಾಲುಗಳನ್ನು ನೋಡಿದೆ, ತಪ್ಪೇನೂ ಕಾಣಲಿಲ್ಲ. ಅನುಮಾನ ಪಟ್ಟದ್ದಕ್ಕೆ ಅವಳಲ್ಲಿ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಆಮೇಲೆ, ನೋಡಬೇಕೆಂದಲ್ಲ, ಇನ್ನೇನೂ ಉಳಿದಿರಲಿಲ್ಲ ಎಂದು, ಸರ್ ಅವರ ಸಾಲುಗಳ ಮೇಲೆ ನಾನು ಹೊದಿಸಿದ್ದ ಮುಸುಕನ್ನು ತೆಗೆದೆ.

ಅಲ್ಲಿತ್ತು. ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ, ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಖೂಬಾ ಪ್ಲಾಟ್‌ನ ಮನೆಯ ಕಂಪ್ಯೂಟರಿನಿಂದ ಸರ್ ಒಳಗೆ ಬಂದಿದ್ದರು. ಕೇಳಿದ್ದು ಒಂದೇ ಪ್ರಶ್ನೆ. ಮಹಾಗಾಂವದವರು, ಹೆಸರು ಮಹಾದೇವಿ, ಕಾಯಿಲೆ ಏನು. ಬಂದ ಉತ್ತರ ಒಂದು ಸಾಲು. ಒಂದು ನಿಮಿಷದಲ್ಲಿ ಹೊರಗೆ ಹೋಗಿದ್ದರು. ಆ ಸಾಲಿನ ಪಕ್ಕದಲ್ಲೇ ಇನ್ನೊಂದು ಖಾನೆ ಇತ್ತು, ನಾನು ತುಂಬಿದ್ದು, ಗುಣವಾದ ತಾರೀಖು. ಅದನ್ನು ಅವರು ಕೇಳಿರಲಿಲ್ಲ.

ಕೂಲರ್ ಇರದ ಚಳಿಗಾಲದಲ್ಲೂ ನನಗೆ ಆ ಕೋಣೆಯಲ್ಲಿ ಹುಲ್ಲಿನ ವಾಸನೆ ಬಂದ ಹಾಗಾಯಿತು. ಪೂಜೆಯ ದಿನದ್ದು. ಅವತ್ತು ಯಾರಾದರೂ ನನಗೆ ಕೆನ್ನೆಗೆ ಬಾರಿಸಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ. ಇದು ದೂರದ ಕಳ್ಳನ ಕೆಲಸವಾಗಿದ್ದರೆ ನಾನು ಬೈದುಕೊಂಡು ಸುಮ್ಮನಾಗುತ್ತಿದ್ದೆ. ನನ್ನ ಅಪ್ಪನ ಎದುರು ಕೂತು ನನ್ನ ಪರವಾಗಿ ಮಾತಾಡಿದ ಮನುಷ್ಯ ಇವರು.

ಅದೇ ದಿನ ಮಧ್ಯಾಹ್ನದ ಬಸ್ಸಿಗೆ ಹೊರಟು ಅವರ ಮನೆಗೆ ಹೋದೆ. ಸರ್ ಅಂಗಳದಲ್ಲಿ ಬಿಸಿಲಿಗೆ ಮೈ ಕಾಯಿಸುತ್ತ ಕೂತಿದ್ದರು. ಬಾ ಎಂದು ಪ್ರೀತಿಯಿಂದಲೇ ಕರೆದರು, ಒಳಗೆ ಚಹಾ ಹೇಳಿದರು. ನಾನು ನಿಂತೇ ಕೇಳಿದೆ. ಅವರು ಮುಚ್ಚಿಡಲಿಲ್ಲ, ಮುಚ್ಚಿಡುವಂಥದ್ದು ಏನಿದೆ ಎಂಬ ಮುಖ. ಸೂಪರ್ ಮಾರ್ಕೆಟ್ ಹಿಂದಿನ ಆ ಖಾನಾವಳಿ ಅವರ ಅತ್ತಿಗೆಯದು. ಗಿರಾಕಿ ಯಾರೋ ಮಹಾದೇವಿಯನ್ನು ಕಮಲಾಪುರದ ಕ್ಲಿನಿಕ್ಕಿನ ಬಾಗಿಲಲ್ಲಿ ಕಂಡಿದ್ದ. ಅತ್ತಿಗೆ ಹೆದರಿ, ನಿಮ್ಮ ಶಿಷ್ಯೆಯ ಕಂಪ್ಯೂಟರ್ ಇದೆಯಲ್ಲ, ನೋಡಿ ಹೇಳಿ ಎಂದರು. ಸರ್ ನೋಡಿ ಹೇಳಿದರು. ಅಷ್ಟೇ. ಅತ್ತಿಗೆ ಉಳಿದ ಖಾನಾವಳಿಯವರಿಗೂ ತಿಳಿಸಿದರು, ಒಳ್ಳೆಯದಕ್ಕೇ.

"ಹೊರಗಿನವರು ಬರಬಾರದಂತ ನೀ ಕೀಲಿ ಹಾಕಿದ್ದಿ. ನಾ ಹೊರಗಿನವ ಏನು?"

"ಆಕಿ ಗುಣ ಆಗ್ಯಾಳ ಸರ್. ತಾರೀಖು ಬಾಜೂದಾಗೇ ಇತ್ತು. ಅದನ್ಯಾಕ ನೋಡಲಿಲ್ಲ?"

ಸರ್ ಕನ್ನಡಕ ತೆಗೆದು ಒರೆಸತೊಡಗಿದರು. ಪೂಜೆಯ ದಿನ ಒರೆಸಿದ ಹಾಗೆಯೇ, ನಿಧಾನವಾಗಿ.

"ಅತ್ತಿಗಿ ಅದನ್ನ ಕೇಳಿರಲಿಲ್ಲ" ಎಂದರು.

ಚಹಾ ಬಂತು. ಆ ಮನೆಯ ಚಹಾ ಎಷ್ಟು ವರ್ಷ ಕುಡಿದಿದ್ದೇನೋ. ಅವತ್ತು ಕಪ್ಪನ್ನು ಹಾಗೇ ಕಟ್ಟೆಯ ಮೇಲಿಟ್ಟೆ. ಖಾನಾವಳಿಗೆ ಹೋಗಿ ಅವಳು ಗುಣವಾಗಿದ್ದಾಳೆ ಎಂದು ನೀವೇ ಹೇಳಿ ಸರ್ ಎಂದು ಕೇಳಿಕೊಂಡೆ. ಹೇಳಬಹುದು, ಆದರೆ ಉಣ್ಣುವ ಜನಕ್ಕೆ ಒಮ್ಮೆ ಮನಸ್ಸಿಗೆ ಬಂದದ್ದು ಹೋಗುತ್ತದೆಯೇ ಎಂದರು. ಅದು ಹೋಗುವುದಿಲ್ಲ ಎಂದು ಗೊತ್ತಿದ್ದೂ ಅದನ್ನು ಬಿತ್ತಿದ್ದು ಯಾರು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಮರುದಿನ ಡಾಕ್ಟರ್ ನಸ್ರೀನ್ ಅವರಿಗೆ ಎಲ್ಲವನ್ನೂ ಹೇಳಿದೆ, ನಾನು ಹೊದಿಸಿದ್ದ ಮುಸುಕನ್ನೂ ಸೇರಿಸಿ. ಅವರು ದನಿ ಏರಿಸುವವರಲ್ಲ. ಆ ಲಾಗಿನ್ ಯಾಕೆ ಇಟ್ಟಿದ್ದೆ ಎಂದು ಕೇಳಿದರು. ಸರ್ ಅವರದಲ್ಲವೇ, ಅದಕ್ಕೆ, ಎಂದೆ. ಅವರು ಪೆನ್ನು ಕೆಳಗಿಟ್ಟರು.

"ನಿನಗ ಅವರು ಉಸ್ತಾದ್ ಬೇಟಾ, ಒಪ್ಪಿದೆ. ನನ್ನ ಪೇಷಂಟಿಗೆ ಅವರು ಏನಾಗಬೇಕು?"

ಅವರ ಎದುರಿಗೇ ಕೂತು ಪಟ್ಟಿಯ ಮೊದಲ ಸಾಲನ್ನು ಅಳಿಸಿದೆ, ಆ ಮನೆಯ ಕಂಪ್ಯೂಟರಿನ ಕೀಲಿಯನ್ನೂ ಅಳಿಸಿದೆ. ಖಚಿತವೇ ಎಂದು ಯಂತ್ರ ಒಮ್ಮೆ ಕೇಳಿತು. ಖಚಿತ ಎಂದೆ. ಕೈಗುಣ ಹೋಯಿತೆಂದು ಸರ್ವರ್ ನಿಲ್ಲಲಿಲ್ಲ, ಎಂದಿನಂತೆ ಗುಂಯ್ ಎನ್ನುತ್ತಲೇ ಇತ್ತು. ಒಂಬತ್ತು ತಿಂಗಳ ಹಿಂದೆ ಮಾಡಬೇಕಾಗಿದ್ದ ಅರ್ಧ ನಿಮಿಷದ ಕೆಲಸ ಅದು.

ಗುಣವಾಗಿದ್ದಾಳೆ ಎಂದು ಡಾಕ್ಟರ್ ಸಹಿ ಮಾಡಿ ಒಂದು ಚೀಟಿ ಬರೆದುಕೊಟ್ಟರು. ಅದನ್ನು ಹಿಡಿದು ಮಹಾಗಾಂವಕ್ಕೆ ಹೋದೆ. ತೊಗರಿಯ ರಾಶಿಯ ಕಾಲ, ಊರೆಲ್ಲ ಹೊಟ್ಟಿನ ಧೂಳು. ಮಹಾದೇವಿಯ ಮನೆಯಲ್ಲಿ ಒಲೆ ಉರಿಯುತ್ತಿತ್ತು, ಆದರೆ ಬಡಿಯುವ ಸದ್ದು ಬೇಗ ನಿಂತಿತು. ಮನೆಯವರಿಗಷ್ಟೇ ಮಾಡುತ್ತಿದ್ದಳು. ಹೊಸ್ತಿಲಲ್ಲಿ ಕೂತು ನಾನು ಸುತ್ತುಬಳಸದೆ ಹೇಳಿದೆ. ಹೇಳಿದವರು ನನಗೆ ವಿದ್ಯೆ ಕಲಿಸಿದವರು, ಅವರ ಕೀಲಿಕೈಯನ್ನು ನಾನು ಅಲ್ಲೇ ಬಿಟ್ಟಿದ್ದೆ, ಮರ್ಯಾದೆಗೆ.

ಅವಳು ಚೀಟಿಯನ್ನು ತಿರುಗಿಸಿ ನೋಡಿ ವಾಪಸು ಕೊಟ್ಟಳು. ಚೀಟಿ ತೋರಿಸಿ ರೊಟ್ಟಿ ಮಾರುವುದು ತನ್ನಿಂದಾಗದು, ಚೀಟಿ ನೋಡಿದವರು ಮೊದಲು ಕಾಯಿಲೆಯ ಹೆಸರನ್ನೇ ಓದುತ್ತಾರೆ ಎಂದಳು. ಎಷ್ಟು ಸರಿಯಾದ ಮಾತು. ಆಮೇಲೆ ಹೆಂಚಿನ ಮೇಲಿನ ರೊಟ್ಟಿ ತೆಗೆದು, ತಟ್ಟೆಯಲ್ಲಿ ಹಿಂಡಿಯೊಂದಿಗೆ ನನ್ನ ಮುಂದಿಟ್ಟಳು. ಇಟ್ಟು, ನನ್ನ ಕೈಯನ್ನೇ ನೋಡುತ್ತ ಕೂತಳು. ತಿಂದೆ. ಒಂದು ತುಣುಕೂ ಬಿಡದೆ ತಿಂದೆ. ಅದರಿಂದ ಅವಳಿಗೆ ಏನೂ ಸಮಾಧಾನವಾದ ಹಾಗೆ ಕಾಣಲಿಲ್ಲ.

"ಆ ಸರ್ ಯಾರೋ ನನಗ ಗೊತ್ತಿಲ್ಲ ತಂಗಿ. ಅವರ ಮ್ಯಾಲ ಸಿಟ್ಟಿಲ್ಲ. ಕೀಲಿಕೈ ಎರಡೇ ಅಂತ ಅಂದಾಕಿ ನೀನು."

ಸರ್ ನನಗೆ ಮಾಡಿದ್ದನ್ನೇ ನಾನು ಇವಳಿಗೆ ಮಾಡಿದ್ದೆ. ಊರಾಚೆಯ ಕ್ರಾಸಿನಲ್ಲಿ ಬಸ್ಸಿಗೆ ನಿಂತಾಗ ಅದು ಪೂರಾ ತಿಳಿಯಿತು. ಮೋಸ ಹೋದವಳು ಎಂದು ಎರಡು ದಿನದಿಂದ ಕುದಿಯುತ್ತಿದ್ದೆ, ಮೋಸ ಮಾಡಿದವಳು ಎಂಬುದು ಆ ಕ್ರಾಸಿನ ಧೂಳಿನಲ್ಲಿ ಗೊತ್ತಾಯಿತು. ನಾನು ಹೊಸ್ತಿಲಿಂದ ಏಳುವ ಮೊದಲು ಅವಳು ಒಂದೇ ಒಂದು ಕೇಳಿಕೊಂಡಿದ್ದಳು, ತನ್ನ ಹೆಸರನ್ನು ಆ ಪೆಟ್ಟಿಗೆಯಿಂದ ತೆಗೆ ಎಂದು. ಹಳೆಯ ಚಿಕಿತ್ಸೆಯ ದಾಖಲೆ ಮುಂದೆ ಬೇಕಾಗುತ್ತದೆ ಎಂದು ಡಾಕ್ಟರ್ ತಕರಾರು ಮಾಡಿದರು, ಕಡೆಗೆ ಒಪ್ಪಿದರು. ಗುಣವಾದ ತಾರೀಖಿನೊಂದಿಗೆ ಆ ಸಾಲು ಹೋಯಿತು.

ಮಹಾದೇವಿಯ ಬುಟ್ಟಿ ಮತ್ತೆ ಬಸ್ಸು ಹತ್ತಲಿಲ್ಲ. ತೊಗರಿ ರಾಶಿಗೆ ಹೋಗುತ್ತಾಳೆ, ಯಾರದೋ ಹೊಲದಲ್ಲಿ ಕಸ ತೆಗೆಯುತ್ತಾಳೆ ಎಂದು ನರ್ಸ್ ಬಾಯಿಯಿಂದ ತಿಳಿಯುತ್ತಿತ್ತು. ಸರ್ ಅವರ ಮನೆಯ ಓಣಿಯಲ್ಲಿ ನಾನು ಹಾಯುವುದಿಲ್ಲ. ಸುತ್ತು ಹಾಕಿ ಹೋಗುತ್ತೇನೆ. ಎದುರಿಗೆ ಸಿಕ್ಕರೆ ನಮಸ್ಕಾರ ಮಾಡುತ್ತೇನೆ, ಅವರೂ ಚೆನ್ನಾಗಿದ್ದೀಯಾ ಎನ್ನುತ್ತಾರೆ. ಅಷ್ಟರಮಟ್ಟಿಗೆ ಇಬ್ಬರೂ ದೊಡ್ಡ ಮನುಷ್ಯರು.

ಮರು ವರ್ಷದ ಬೇಸಿಗೆ ಬಂತು. ಸಾಮಾನು ಕೋಣೆಯ ಕೂಲರ್‌ಗೆ ಹೊಸ ಹುಲ್ಲು ಕಟ್ಟಿ ನೀರು ಬಿಟ್ಟು, ಅದರ ಮುಖವನ್ನು ಗೋಡೆಯ ಕಡೆಗೆ ತಿರುಗಿಸುತ್ತಿದ್ದೆ. ಒಣ ಕೆಮ್ಮಿನ ಸದ್ದು ಕೇಳಿ ತಿರುಗಿದೆ. ಬಾಗಿಲಲ್ಲಿ ಮಹಾದೇವಿ ನಿಂತಿದ್ದಳು, ಸೆರಗು ಬಾಯಿಯ ಮೇಲೆ. ಅದು ಬರೇ ಧೂಳಿನ ಕೆಮ್ಮು ಎಂದು ಡಾಕ್ಟರ್ ಆಮೇಲೆ ಪರೀಕ್ಷೆ ಮಾಡಿ ಹೇಳಿದರು. ಆದರೆ ಆ ಗಳಿಗೆಯಲ್ಲಿ ಅದು ನನಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಒಳಗೆ ಬಂದು ಅದೇ ಕುರ್ಚಿಯ ಮೇಲೆ ಕೂತಳು. ಸರ್ವರ್ ಕಡೆ ಈ ಸಲ ನೋಡಲಿಲ್ಲ.

ಹೊಸ ಸಾಲು ತೆರೆದು, ಪದ್ಧತಿಯ ಪ್ರಕಾರ, ಹೆಸರು ಕೇಳಿದೆ.

ಈ ಸಲ ಅವಳು ಒಂದಿಷ್ಟೂ ತಡೆಯಲಿಲ್ಲ. "ಸುಭದ್ರಾ" ಎಂದಳು.

ತಲೆ ಎತ್ತದೆ ಬರೆದುಕೊಂಡೆ.